ಎತ್ತಬೇಡಿ, ನಡೆಸಿ

ಮೊದಲು ಕೇಳಿಸುವುದು ಸದ್ದು. ದೀರ್ಘವಾದ, ಒದ್ದೆಯಾದ ಒಂದು ಉಸಿರು. ಮಳೆಯ ಸದ್ದಿನಲ್ಲಿ ಅದು ಅರ್ಧ ಮುಚ್ಚಿಹೋಗುತ್ತದೆ. ಆಮೇಲೆ ಲಾರಿಯ ಎಡ ಮೂತಿ ಮೆಲ್ಲಗೆ ತಗ್ಗುತ್ತದೆ, ದಣಿದ ಕೋಣ ಮುಂಗಾಲು ಮಡಚಿದ ಹಾಗೆ. ಡ್ರೈವರ್ ಬ್ರೇಕ್ ತುಳಿಯುವ ಅವಸರ ಮಾಡುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಏರಿಗೇ ಲಾರಿಯನ್ನು ನಿಲ್ಲಲು ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆಯುತ್ತಾರೆ. ಕ್ಲೀನರ್ ಹುಡುಗ ಆಗಲೇ ಕೆಳಗೆ ಹಾರಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಾಗಿದೆ. ಅವನು ಕೂಗಿದ ಮೇಲೆಯೇ ಇಂಜಿನ್ ಆಫ್. ಈಗ ಮಳೆ ಪೂರಾ ಕೇಳಿಸುತ್ತದೆ.

ಇಳಿಯಿರಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡೇ ಇಳಿಯಿರಿ, ಜೂನ್ ಎರಡನೇ ವಾರ, ಉಂಬಳ ಎದ್ದಿವೆ. ಸಕಲೇಶಪುರದಿಂದ ಬಿಸ್ಲೆ ಕಡೆಗೆ ಬರುವ ದಾರಿ ಬಿಟ್ಟು ನಾವು ಕಾಫಿ ತೋಟದೊಳಗಿನ ಮಣ್ಣು ದಾರಿಗೆ ಬಿದ್ದು ಅರ್ಧ ಗಂಟೆಯಾಯಿತು. ಬಲಕ್ಕೆ ಕಾಫಿ, ಅದರ ಮೇಲೆ ಸಿಲ್ವರ್ ಓಕ್; ಎಡಕ್ಕೆ ಏಲಕ್ಕಿ ಹಬ್ಬಿದ ಕಣಿವೆ, ಅದರಾಚೆ ಮಂಜು. ಮಂಜು ಸರಿದರೆ ಕುಮಾರಪರ್ವತದ ಬೆನ್ನು ಕಾಣಬೇಕು. ಇವತ್ತು ಕಾಣುವುದಿಲ್ಲ.

ಹಿಂದೆ ಟಾರ್ಪಾಲಿನಡಿ 40 ಮೂಟೆ ಗೊಬ್ಬರ, ಒಂದೊಂದು 50 ಕೆ.ಜಿ. ಅಂದರೆ 2 ಟನ್. ಮಳೆ ಜೋರಾಗುವ ಮೊದಲು ಮೇಲಿನ ತೋಟ ಸೇರಬೇಕಾದ ಗೊಬ್ಬರ ಇದು. ಅಲ್ಲಿಗೆ ಬೇರೆ ಲಾರಿ ಏರುವುದಿಲ್ಲ. ಇದು ಏರುತ್ತದೆ. ಜಬಲ್ಪುರದಲ್ಲಿ ಸೇನೆಗೆಂದು ತಯಾರಾಗಿ, ಗಡಿಯಲ್ಲೆಲ್ಲೋ ದುಡಿದು, ಹರಾಜಿನಲ್ಲಿ ಮಲೆನಾಡಿಗೆ ಬಂದ ಗಾಡಿ. ನಾಲ್ಕೂ ಚಕ್ರಕ್ಕೆ ಎಳೆತ. ಹೊಟ್ಟೆ ನೆಲದಿಂದ ಎಷ್ಟು ಎತ್ತರವೆಂದರೆ ನಾಯಿ ಬಗ್ಗದೆ ದಾಟುತ್ತದೆ. ಹಸಿರು ಬಣ್ಣ ಉದುರಿದಲ್ಲೆಲ್ಲ ಅದರಡಿಯ ಇನ್ನೊಂದು ಹಸಿರು ಕಾಣುತ್ತದೆ.

ಡ್ರೈವರ್ ಟೈರಿನ ಮುಂದೆ ಕುಳಿತಿದ್ದಾರೆ. ಕುಳಿತುಕೊಳ್ಳುವ ರೀತಿ ನೋಡಿ: ಮೊದಲು ಬಂಪರ್ ಹಿಡಿದು, ಒಂದು ಮಂಡಿ ಊರಿ, ಆಮೇಲೆ ಇನ್ನೊಂದು. ಸೊಂಟ ಬಗ್ಗುವುದೇ ಇಲ್ಲ. ಟೈರಿನ ಪಕ್ಕೆಯಲ್ಲಿ ಮಣ್ಣು ಒರೆಸಿ ತೋರಿಸುತ್ತಾರೆ. ಬೆರಳುದ್ದದ ಸೀಳು. ಮಣ್ಣಿನಲ್ಲಿ ಹುಗಿದಿದ್ದ ಕಲ್ಲಿನ ಅಲಗು ಮಾಡಿದ ಕೆಲಸ. ಟ್ಯೂಬಿನ ಕೆಂಪು ಅಂಚು ಒಳಗಿಂದ ನಾಲಿಗೆಯ ಹಾಗೆ ಇಣುಕುತ್ತಿದೆ.

‘ಪಂಚರ್ ಅಲ್ಲ ಇದು, ಗಾಯ,’ ಎನ್ನುತ್ತಾರೆ. ‘ಸ್ಟೆಪ್ನಿ ಇಳಿಸೋಣ.’

ಸ್ಟೆಪ್ನಿ. ನಮ್ಮ ಲಾರಿ ಶೆಡ್ಡುಗಳಲ್ಲಿ ಹುಟ್ಟಿದ್ದೇನೋ ಅನ್ನಿಸುವ ಈ ಪದ ಬಂದಿರುವುದು ದೂರದ ವೇಲ್ಸಿನ ಲಾನೆಲ್ಲಿ ಊರಿನಿಂದ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. ಟೈರ್ ಹೋದರೆ ದಾರಿಯಲ್ಲೇ ಬಿಚ್ಚಿ, ತೇಪೆ ಹಾಕಿ, ಗಾಳಿ ತುಂಬಿ ಮುಂದೆ ಹೋಗಬೇಕಿತ್ತು. 1904ರಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬಾತ ಕಡ್ಡಿಗಳಿಲ್ಲದ, ಗಾಳಿ ತುಂಬಿಟ್ಟ ಒಂದು ಬಳೆಚಕ್ರ ಮಾಡಿದ. ಸೋತ ಚಕ್ರದ ಪಕ್ಕಕ್ಕೆ ಅದನ್ನು ಕಚ್ಚಿಸಿಕೊಂಡು ಮನೆ ಮುಟ್ಟಬಹುದಿತ್ತು. ಅವನ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಅಂಟಿತು, ಚಕ್ರದ ಜೊತೆ ಹಡಗು ಹತ್ತಿತು. ಬ್ರೆಜಿಲ್‌ನವರು ಇವತ್ತೂ ಎಸ್ಟೆಪಿ ಎನ್ನುತ್ತಾರೆ, ಮಾಲ್ಟಾದವರು ಸ್ಟೆಪ್ನಿ ಎಂದೇ ಅನ್ನುತ್ತಾರೆ. ನಾವಂತೂ ಅದನ್ನು ಕನ್ನಡದ್ದೇ ಮಾಡಿಕೊಂಡಿದ್ದೇವೆ.

ಆದರೆ ಕಾರಿನ ಸ್ಟೆಪ್ನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದರ ಹತ್ತಿರ ಬರಬೇಡಿ. ಬಾಡಿಯ ಹಿಂಭಾಗದ ಮೂಲೆಯಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಚೌಕಟ್ಟಿನೊಳಗೆ ನಿಂತಿದೆಯಲ್ಲ, ಅದರ ಎತ್ತರ ನಿಮ್ಮ ಸೊಂಟ ದಾಟುತ್ತದೆ. ಟೈರು, ಟ್ಯೂಬು, ಫ್ಲ್ಯಾಪು, ಉಕ್ಕಿನ ಡಿಸ್ಕು ಎಲ್ಲ ಸೇರಿ 100 ಕೆ.ಜಿ. ಎಂದು ಹಿಡಿಯಿರಿ. ಎರಡು ಮೂಟೆ ಗೊಬ್ಬರ. ಮೂಟೆಯಾದರೆ ಬೆನ್ನಿಗೆ ಒಗ್ಗುತ್ತದೆ, ಹೆಗಲಿಗೆ ಕೂರುತ್ತದೆ. ಚಕ್ರ ಯಾರ ಮೈಗೂ ಒಗ್ಗುವುದಿಲ್ಲ. ಹಿಡಿಯಲು ಕಿವಿಯಿಲ್ಲ, ತಬ್ಬಲು ತೋಳು ಸಾಲದು, ಮಳೆ ಬಿದ್ದರೆ ಮೀನಿನ ಹಾಗೆ ಜಾರುತ್ತದೆ. ಇಂಥ ಎಷ್ಟೋ ಲಾರಿಗಳಿಗೆ ಸ್ಟೆಪ್ನಿ ಇಳಿಸಿ ಏರಿಸಲು ಪುಟ್ಟದೊಂದು ರಾಟೆ ಇರುತ್ತದೆ. ನಮ್ಮದಕ್ಕೆ ಅದಿಲ್ಲ. ಇರುವುದು ಒಂದು ಹಾರೆ, ಹತ್ತಡಿಯ ಹಲಗೆ, ತೆಂಗಿನ ನಾರಿನ ಹಗ್ಗ, ಐದು ಜನ. ನಿಮ್ಮನ್ನೂ ಸೇರಿಸಿ.

*

ನಟ್ಟು ಸಡಿಲಿಸುವುದು ಮೊದಲು, ಜಾಕಿ ಆಮೇಲೆ. ಚಕ್ರ ನೆಲ ಬಿಟ್ಟ ಮೇಲೆ ನಟ್ಟು ತಿರುಗಿಸಹೋದರೆ ಚಕ್ರವೇ ತಿರುಗುತ್ತದೆ, ಜಾಕಿಯ ಮೇಲೆ ನಿಂತ ಲಾರಿಯನ್ನು ಎಳೆದಾಡಿದ ಹಾಗೂ ಆಗುತ್ತದೆ. ಹುಡುಗ ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಉದ್ದ ಮಾಡಿ ಅದರ ಮೇಲೆ ನಿಲ್ಲುತ್ತಾನೆ. ಮೈತೂಕವೇ ಕೆಲಸ ಮಾಡಲಿ ಎಂದು. ನಟ್ಟು ಕಿರ್ ಎಂದು ಒಂದೆಳೆ ಸಡಿಲುತ್ತದೆ. ಜಾಕಿಯಡಿ ಒಂದಡಿ ಚೌಕದ ಹಲಗೆ ತುಂಡು. ಅದಿಲ್ಲದಿದ್ದರೆ ಈ ಕೆಸರಿನಲ್ಲಿ ಲಾರಿ ಮೇಲೆ ಏಳುವ ಬದಲು ಜಾಕಿ ಕೆಳಗೆ ಹೋಗುತ್ತದೆ.

ಸ್ಟೆಪ್ನಿ ಇಳಿಸುವುದು ಸುಲಭ ಎಂದುಕೊಳ್ಳಬೇಡಿ. ಇಳಿಯುವ ಭಾರ ನಿಮ್ಮ ಮಾತು ಕೇಳುವುದಿಲ್ಲ. ಹಲಗೆಯನ್ನು ಓರೆಯಾಗಿ ಕೊಟ್ಟು, ಚಕ್ರವನ್ನು ಹಗ್ಗದ ಕುಣಿಕೆಯಲ್ಲಿ ಹಿಡಿದು, ಗೇಣು ಗೇಣಾಗಿ ಬಿಡುತ್ತಾ ಬರುತ್ತಾರೆ. ಯಾರೂ ಅದರ ಕೆಳಗಿನ ದಾರಿಯಲ್ಲಿ ನಿಂತಿರುವುದಿಲ್ಲ. ಜೋಡಿಸುವ ಮೊದಲು ಡ್ರೈವರ್ ಡಿಸ್ಕಿನ ಅಂಚಿನ ಲಾಕ್ ರಿಂಗ್ ಸುತ್ತ ಬೆರಳಾಡಿಸುತ್ತಾರೆ, ಒಂದು ಪೂರ್ತಿ ಸುತ್ತು. ಆ ರಿಂಗ್ ತನ್ನ ಕಚ್ಚಿನಲ್ಲಿ ಸರಿಯಾಗಿ ಕೂರದಿದ್ದರೆ ಒಳಗಿನ ಗಾಳಿ ಅದನ್ನು ಕೊಡಲಿಯ ಹಾಗೆ ಎಸೆಯುತ್ತದೆ. ಹಾಗೆ ಸತ್ತವರ ಕಥೆ ಪ್ರತಿ ಟೈರ್ ಅಂಗಡಿಯಲ್ಲೂ ಒಂದಿರುತ್ತದೆ.

ಈಗ ಬಗ್ಗಿ ನೋಡಿ, ಇದು ಹತ್ತಿರದಿಂದ ನೋಡುವಂಥದ್ದು. ಹೊಸ ಚಕ್ರ ಹಬ್ಬಿನ ಎದುರು ನಿಂತಿದೆ. ಡಿಸ್ಕಿನ ತೂತುಗಳು ಬೋಲ್ಟುಗಳಿಗಿಂತ ಒಂದಂಗುಲ ಕೆಳಗಿವೆ. ಒಂದೇ ಅಂಗುಲ. ಆದರೆ 100 ಕೆ.ಜಿ.ಯ ಒಂದಂಗುಲ. ನೀವು ಟೈರನ್ನು ತಬ್ಬಲು ಬಗ್ಗುತ್ತೀರಿ. ಡ್ರೈವರ್ ನಿಮ್ಮ ಭುಜದ ಮೇಲೆ ಕೈಯಿಡುತ್ತಾರೆ.

‘ಎತ್ತಕ್ಕೆ ಹೋಗ್ಬೇಡಿ.’

ಐದಡಿಯ ಹಾರೆ ಟೈರಿನಡಿ ಸೇರುತ್ತದೆ. ತುದಿಯಿಂದ ಅರ್ಧ ಅಡಿ ಬಿಟ್ಟು ಅದರ ಕೆಳಗೊಂದು ಕಲ್ಲು. ಈಚೆ ಉಳಿದದ್ದು ನಾಲ್ಕೂವರೆ ಅಡಿ, ಅಂದರೆ ಆಚೆಯದರ ಒಂಬತ್ತು ಪಟ್ಟು. 100 ಕೆ.ಜಿ.ಗೆ ಈಗ ಹನ್ನೆರಡು ಕೆ.ಜಿ.ಯಷ್ಟು ಒತ್ತಿದರೆ ಸಾಕು. ಹುಡುಗ ಅಂಗೈಯನ್ನಷ್ಟೇ ಇಟ್ಟು ಹಾರೆಯ ತುದಿ ತಗ್ಗಿಸುತ್ತಾನೆ. ಚಕ್ರ ಎದ್ದೇಳುತ್ತದೆ. ಅಂಥ ದೊಡ್ಡದು, ಅಷ್ಟು ಮೆಲ್ಲಗೆ, ಮಗು ನಿದ್ದೆಯಿಂದ ಎದ್ದ ಹಾಗೆ. ಡ್ರೈವರ್ ಹಬ್ಬನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಬೋಲ್ಟು ತೂತಿನೊಳಗೆ ಟಕ್ಕೆಂದು ಕೂರುತ್ತದೆ. ನಮ್ಮ ಹಿರಿಯರು ಇದನ್ನು ಸನ್ನೆಗೋಲು ಅಂದರು. ಭಾರಕ್ಕೆ ಸನ್ನೆ ಮಾಡುವ ಕೋಲು ಎಂದೇ ನನ್ನ ಕಿವಿಗೆ ಕೇಳಿಸುತ್ತದೆ. ಇದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ.

*

ಅರ್ಧ ಕೆಲಸ ಮುಗಿಯಿತು, ಸುಲಭದ ಅರ್ಧ. ಗಾಯವಾದ ಚಕ್ರ ಈಗ ಕೆಸರಿನಲ್ಲಿ ಮಲಗಿದೆ, ಒಳಗೆ ಮಳೆನೀರು ಸೇರಿಸಿಕೊಳ್ಳುತ್ತಿದೆ. ಅದನ್ನು ಇಲ್ಲಿ ಬಿಟ್ಟು ಹೋಗುವಂತಿಲ್ಲ. ಡಿಸ್ಕಿಗೆ ಬೆಲೆಯಿದೆ, ಟೈರಿಗೂ ಒಳಗಿನಿಂದ ಪ್ಯಾಚ್ ಕೂರಿಸಿ ಇನ್ನೊಂದು ಮಳೆಗಾಲ ಓಡಿಸಬಹುದು. ಅದು ನೆಲದಿಂದ ನಾಲ್ಕಡಿ ಮೇಲಿನ ಚೌಕಟ್ಟು ಸೇರಬೇಕು.

ತೋಟದ ರೈಟರು ಮೇಲಂಗಿ ಮಡಚಿ ಮುಂದೆ ಬರುತ್ತಾರೆ. ‘ಐದು ಜನ ಇದೀವಿ, ಒಂದು ಹೊಡೆತಕ್ಕೆ ಎತ್ತಿ ಒಗೆಯೋಣ.’

ಡ್ರೈವರ್ ತಲೆಯಾಡಿಸುತ್ತಾರೆ. ‘ಇಲ್ಲಿ ಬೇಡ, ಏರಲ್ಲಿ ಎತ್ತೋ ಕೆಲಸ ಮಾಡಬಾರದು. ಮೇಲೆ ದಿಬ್ಬದ ಮೇಲೆ ಸಮ ಇದೆ. ಗಾಡಿ ಅಲ್ಲಿಗೆ ಹಾಕ್ತೀನಿ. ಇದನ್ನ ನಡೆಸ್ಕೊಂಡು ಬನ್ನಿ.’

ನಡೆಸಬೇಕಾದರೆ ಮೊದಲು ನಿಲ್ಲಿಸಬೇಕು. ಮಲಗಿದ ಚಕ್ರವನ್ನು ಎಬ್ಬಿಸುವಲ್ಲೇ ಬಹಳ ಜನ ಸೊಂಟ ಕಳೆದುಕೊಳ್ಳುವುದು. ಹುಡುಗ ಹಾರೆಯನ್ನು ಅಂಚಿನಡಿ ತೂರಿಸಿ ಗೇಣೆತ್ತರ ಮಾಡಿ, ಸಂದಿಗೊಂದು ಕಲ್ಲು ತಳ್ಳುತ್ತಾನೆ. ಈಗ ನೀವು ಕುಕ್ಕರಗಾಲಲ್ಲಿ ಕೂರಬೇಕು, ಟೈರಿಗೆ ಎದೆ ತಾಗುವಷ್ಟು ಹತ್ತಿರ. ಬೆರಳು ಡಿಸ್ಕಿನ ಅಂಚಿಗೆ ಬೇಡ, ರಬ್ಬರಿನ ಹಲ್ಲಿಗೆ ಕೊಡಿ. ಬೆನ್ನು ನೆಟ್ಟಗೆ. ತೊಡೆಯಿಂದ ಏಳಿ. ನಾನು ನಿಮ್ಮ ಪಕ್ಕದಲ್ಲಿದ್ದೇನೆ, ನನ್ನ ಅಂಗೈಯೂ ಅದೇ ಹಲ್ಲಿನಲ್ಲಿದೆ. ‘ಐಸಾ’ ಎಂದು ಹುಡುಗ ಕೂಗುತ್ತಾನೆ. ಕೆಸರು ಚಪ್ ಎಂದು ಹಿಡಿತ ಬಿಡುತ್ತದೆ. ಚಕ್ರ ಏಳುತ್ತದೆ, ಓಲಾಡುತ್ತದೆ, ನಿಲ್ಲುತ್ತದೆ.

ನಿಂತ ಮೇಲೆ ನೋಡಿ ಬದಲಾವಣೆ. ಇಷ್ಟು ಹೊತ್ತು ಬಂಡೆಯಾಗಿದ್ದದ್ದು ಈಗ ಒಂದು ಕೈಗೆ ಒಲಿಯುತ್ತದೆ. ಅಂಗೈಯಿಟ್ಟರೆ ನಿಲ್ಲುತ್ತದೆ, ಬೆರಳಲ್ಲಿ ತಳ್ಳಿದರೆ ವಾಲುತ್ತದೆ. ಭಾರವನ್ನೆಲ್ಲ ಭೂಮಿಯೇ ಹೊತ್ತಿದೆ. ನಿಮ್ಮ ಪಾಲಿಗೆ ಬಂದದ್ದು ಸಮತೋಲ ಮಾತ್ರ. ನಾವಿಬ್ಬರು ಹಿಂದಿನಿಂದ ತಳ್ಳುತ್ತೇವೆ, ರೈಟರು ಪಕ್ಕದಲ್ಲಿ ದಾರಿ ತೋರಿಸುತ್ತಾರೆ. ಹುಡುಗ ಕಲ್ಲು ಹಿಡಿದು ಜೊತೆಗೇ ಬರುತ್ತಾನೆ. ನಾಲ್ಕು ಹೆಜ್ಜೆಗೊಮ್ಮೆ ಉಸಿರು ತೆಗೆದುಕೊಳ್ಳಲು ನಿಂತಾಗ ಚಕ್ರದ ಹಿಂದೆ ಕಲ್ಲು ಕೊಡುತ್ತಾನೆ. ಗಾಳಿಯಿಲ್ಲದ ಟೈರು ಕಲ್ಲಿಗೊಮ್ಮೆ ಬೇರಿಗೊಮ್ಮೆ ಕುಂಟುತ್ತದೆ. ಆದರೂ ನಡೆಯುತ್ತದೆ.

ಹಾಗೆ ದಿಬ್ಬದ ತಲೆಗೆ ಬರುತ್ತೀರಿ. ಇದು ಸಾಮಾನ್ಯ ದಿಬ್ಬವಲ್ಲ. ಇದೇ ಏಣಿನ ಮೇಲೆ ಮಂಕನಹಳ್ಳಿಯ ಹತ್ತಿರ ಒಂದು ಕಲ್ಲು ನೆಟ್ಟಿದ್ದಾರೆ, ಮಳೆನೀರು ಎರಡಾಗುವ ಜಾಗ ತೋರಿಸಲು. ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿಗೆ, ಅಲ್ಲಿಂದ ಕಾವೇರಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ನಿಮ್ಮ ಕೈಯಲ್ಲಿರುವುದು ದುಂಡಗಿನ ವಸ್ತು, ನೀವು ನಿಂತಿರುವುದು ನಾಡಿನ ನೆತ್ತಿ. ಕೈ ಸಡಿಲ ಬಿಡಬೇಡಿ.

*

ಹಲಗೆಯ ಒಂದು ತುದಿ ಲಾರಿಯ ಬಾಡಿಗೆ, ಇನ್ನೊಂದು ನೆಲಕ್ಕೆ. ಸಿಲ್ವರ್ ಓಕಿನ ಎರಡಂಗುಲ ದಪ್ಪದ ಹಲಗೆ. ಚಕ್ರ ಕೆಸರಿನಲ್ಲಿ ಹೂತಾಗ ಅಡಿಗೆ ಹಾಸಲೆಂದು ಲಾರಿಯಲ್ಲಿ ಯಾವಾಗಲೂ ಇರುತ್ತದೆ. ಹಗ್ಗದ ಒಂದು ತುದಿಯನ್ನು ಡ್ರೈವರ್ ಬಾಡಿಯ ಕೊಂಡಿಗೆ ಕಟ್ಟುತ್ತಾರೆ. ಹಗ್ಗ ಹಲಗೆಯ ನಡುವೆ ಇಳಿದು ಬಂದು, ಚಕ್ರದ ಅಡಿಯಲ್ಲಿ ಹಾದು, ಅದರ ಬೆನ್ನ ಹಿಂದಿನಿಂದ ಮೇಲೆದ್ದು, ತಲೆಯ ಮೇಲಿಂದ ಮತ್ತೆ ಬಾಡಿಗೆ ಹೋಗುತ್ತದೆ. ಅಲ್ಲಿ ಎಳೆಯಲು ಇಬ್ಬರು. ಚಕ್ರವನ್ನು ಯಾರೂ ಹೊರುವುದಿಲ್ಲ. ಹಗ್ಗದ ಮಡಿಲಲ್ಲಿ ಅದು ತಾನೇ ಉರುಳಿ ಏರುತ್ತದೆ.

‘ನಾಟಾ ಡಿಪೋದಲ್ಲಿ ಕಲಿತದ್ದು,’ ಎನ್ನುತ್ತಾರೆ ಡ್ರೈವರ್. ‘ಕ್ರೇನ್ ಇಲ್ಲದ ಕಾಲ. ಆನೆ ಬರದ ದಿನ ದಿಮ್ಮಿಗೆ ಎರಡು ಹಗ್ಗ ಹಾಕಿ ಹೀಗೇ ಲಾರಿಗೆ ಏರಿಸ್ತಿದ್ವಿ.’

ಲೆಕ್ಕ ಹಾಕಿ. ಹತ್ತಡಿಯ ಹಲಗೆ ನಾಲ್ಕಡಿ ಏರುತ್ತದೆ, ಆದ್ದರಿಂದ 100 ಕೆ.ಜಿ. ಓರೆಯಲ್ಲಿ 40 ಆಗುತ್ತದೆ. ಹಗ್ಗದ ಒಂದು ತುದಿ ಕೊಂಡಿಗೆ ಕಟ್ಟಿರುವುದರಿಂದ ಅರ್ಧ ಭಾರವನ್ನು ಲಾರಿಯೇ ಹಿಡಿಯುತ್ತದೆ, ಎಳೆಯುವವರಿಗೆ ಉಳಿಯುವುದು 20. ಕೆಸರು, ಉಜ್ಜಾಟ ಎಲ್ಲ ಸೇರಿ ಇನ್ನೊಂದಷ್ಟು. ಇದರಲ್ಲಿ ಮೋಸವೇನೂ ಇಲ್ಲ. 20 ಕೆ.ಜಿ.ಯಷ್ಟೇ ಎಳೆಯುತ್ತೀರಿ, ಆದರೆ 20 ಅಡಿ ಹಗ್ಗ ಎಳೆಯುತ್ತೀರಿ. 20 ಗುಣಿಸು 20, ಅದೇ 400. 100 ಕೆ.ಜಿ.ಯನ್ನು ನಾಲ್ಕಡಿ ಎತ್ತಿದರೂ ಅದೇ 400. ಮಾಡಬೇಕಾದ ಕೆಲಸದಲ್ಲಿ ಒಂದು ಕಾಳೂ ಕಡಿಮೆಯಾಗಲಿಲ್ಲ. ಒಂದೇ ಸಲಕ್ಕೆ ಮೈಮೇಲೆ ಬೀಳುವುದು ಸಾವಕಾಶವಾಗಿ ಕಂತಿನಲ್ಲಿ ಬಂತು, ಅಷ್ಟೆ.

ನೀವು ಚಕ್ರದ ಎಡಬದಿಗೆ, ನಾನು ಬಲಬದಿಗೆ. ನಮ್ಮ ಕೆಲಸ ಅದು ವಾಲದಂತೆ ಅಂಗೈ ಕೊಡುವುದು. ಹುಡುಗ ಕೆಳಗೆ, ಆದರೆ ಹಲಗೆಯ ನೇರದಲ್ಲಿಲ್ಲ, ಪಕ್ಕದಲ್ಲಿ. ಅವನ ಕೈಯಲ್ಲಿ ಮರದ ಬೆಣೆ. ಮೇಲೆ ಡ್ರೈವರ್, ರೈಟರು. ಡ್ರೈವರ್ ಎಲ್ಲರ ಮುಖ ಒಮ್ಮೆ ನೋಡುತ್ತಾರೆ.

‘ಒಂದು ಮಾತು. ಬಿದ್ರೆ ಬೀಳ್ಲಿ. ಯಾರೂ ಹಿಡೀಬಾರ್ದು. ಚಕ್ರಕ್ಕೆ ನೋವಾಗಲ್ಲ.’

ಐಸಾ. ಹಗ್ಗ ಬಿಗಿಯುತ್ತದೆ, ನಾರಿನಿಂದ ನೀರು ಹಿಂಡಿ ಸುರಿಯುತ್ತದೆ. ಚಕ್ರ ಹಲಗೆಯ ಅಂಚು ಹತ್ತುತ್ತದೆ. ಐಸಾ. ಒಂದಡಿ. ಬೆಣೆ. ಉಸಿರು. ಐಸಾ. ರಬ್ಬರಿನ ಹಲ್ಲುಗಳ ಸಂದಿಯ ಕೆಮ್ಮಣ್ಣು ಕರಗಿ ನಿಮ್ಮ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿದೆ. ಕುತ್ತಿಗೆಯ ಹಿಂದೆ ತಣ್ಣಗೆ ಏನೋ ಹರಿದ ಹಾಗಿದೆ. ಉಂಬಳವೇ ಇರಬೇಕು, ಆಮೇಲೆ ನೋಡೋಣ. ಚಕ್ರ ಈಗ ನಿಮ್ಮ ಎದೆಯ ಮಟ್ಟಕ್ಕೆ ಬಂದಿದೆ. ಐಸಾ.

ಆಗ ಹಲಗೆ ಮಾತಾಡುತ್ತದೆ. ಸಣ್ಣದೊಂದು ಕಿರ್ ಸದ್ದು. ಕೆಳಗಿನ ತುದಿಯ ಒಂದು ಮೂಲೆ ಮೆತ್ತಗಾದ ಮಣ್ಣಿನಲ್ಲಿ ಇಳಿಯುತ್ತಿದೆ. ಹಲಗೆ ಎಡಕ್ಕೆ ಹೊರಳುತ್ತದೆ. ಚಕ್ರ ನಿಮ್ಮ ಕಡೆಗೆ ವಾಲುತ್ತದೆ.

‘ಬಿಡಿ! ಎಲ್ರೂ ಬಿಡಿ!’

ನಿಮ್ಮ ಕೈ ಕೇಳುವುದಿಲ್ಲ. ಬೀಳುವುದನ್ನು ಹಿಡಿಯಬೇಕೆಂದು ಕೈಗೆ ಹುಟ್ಟಿನಿಂದ ಅಭ್ಯಾಸ. ಲೋಟವನ್ನು, ಮಗುವನ್ನು ಹಿಡಿದ ಕೈ ಅದು. ಅಂಗೈ ಎದ್ದು ಚಕ್ರಕ್ಕೆ ಎದುರಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ನಿಮ್ಮ ಅಂಗಿಯ ಕಾಲರ್ ಹಿಡಿದು ಎಳೆಯುತ್ತಾರೆ. ಹುಡುಗ. ನೀವಿಬ್ಬರೂ ಕೆಸರಿನಲ್ಲಿ ಕೂತುಬಿಡುತ್ತೀರಿ. ನೀವು ನಿಂತಿದ್ದ ಜಾಗದ ಮೇಲೆ 100 ಕೆ.ಜಿ. ಬೀಳುತ್ತದೆ. ನೆಲ ಅದುರಿದ್ದು ನಿಮ್ಮ ಬೆನ್ನೆಲುಬಿಗೆ ತಿಳಿಯುತ್ತದೆ. ಚಕ್ರ ಒಮ್ಮೆ ಪುಟಿದು, ಅಂಚಿನ ಮೇಲೆ ನಿಂತು, ಯೋಚಿಸಿದ ಹಾಗೆ ಅರೆಕ್ಷಣ ಓಲಾಡಿ, ಪಶ್ಚಿಮಕ್ಕೆ ಹೊರಡುತ್ತದೆ.

ಕಾಫಿ ಗಿಡಗಳು ಮುರಿಯುವ ಸದ್ದು. ಒಂದು, ಎರಡು, ಮೂರು. ಕೊನೆಗೆ ಮರಕ್ಕೆ ಬಡಿದ ಒಂದು ಗಟ್ಟಿ ಸದ್ದು. ಮತ್ತೆ ಮಳೆ.

ಯಾರೂ ಮಾತಾಡುವುದಿಲ್ಲ. ಡ್ರೈವರ್ ಮೇಲಿನಿಂದ ಬೆರಳು ತೋರಿಸಿ ತಲೆ ಎಣಿಸುತ್ತಾರೆ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡು, ಐದು.

*

ಚಕ್ರ ಮೂವತ್ತು ಹೆಜ್ಜೆ ಕೆಳಗೆ ಸಿಲ್ವರ್ ಓಕಿಗೆ ಒರಗಿ ನಿಂತಿದೆ. ಮರದ ತೊಗಟೆ ಅಂಗೈಯಗಲ ಹರಿದಿದೆ. ಅದನ್ನು ಮತ್ತೆ ಮೇಲೆ ತರುವ ಮೊದಲು ಡ್ರೈವರ್ ಎಲ್ಲರನ್ನೂ ಟಾರ್ಪಾಲಿನಡಿ ಕೂರಿಸುತ್ತಾರೆ. ಫ್ಲಾಸ್ಕಿನಿಂದ ಬೆಲ್ಲದ ಕಾಫಿ. ಹುಡುಗ ನಿಮ್ಮ ಕುತ್ತಿಗೆಗೆ ಹೊಗೆಸೊಪ್ಪಿನ ನೀರು ಹಚ್ಚಿ ಉಂಬಳ ಉದುರಿಸುತ್ತಾನೆ. ನಿಮ್ಮ ಕೈ ಇನ್ನೂ ನಡುಗುತ್ತಿದೆ, ಕಾಫಿ ತುಳುಕುತ್ತದೆ.

‘ಹತ್ತೊಂಬತ್ತು ವರ್ಷ ನಂಗೆ,’ ಎಂದು ಡ್ರೈವರ್ ಯಾರನ್ನೂ ನೋಡದೆ ಶುರುಮಾಡುತ್ತಾರೆ. ‘ಕ್ಲೀನರಾಗಿದ್ದೆ. ಇಂಥದ್ದೇ ಚಕ್ರ. ಸಾಹುಕಾರ್ರಿಗೆ ಅವಸರ. ಒಬ್ನೇ ಎತ್ತಿ ಹಾಕ್ತೀನಿ ಅಂದೆ. ಹಾಕಿದೆ ಕೂಡ. ಎಲ್ರೂ ಭೇಷ್ ಅಂದ್ರು. ಸೊಂಟದಲ್ಲಿ ಟಕ್ ಅಂದಿದ್ದು ನಂಗೊಬ್ನಿಗೇ ಕೇಳಿಸ್ತು.’

ಮೂರು ತಿಂಗಳು ಮಲಗಿದರಂತೆ. ಆಮೇಲಿನ ಮೂವತ್ತು ವರ್ಷ ಎಡಗಾಲಿನ ಮೀನಖಂಡದವರೆಗೆ ಇಳಿಯುವ ನೋವಿನ ಜೊತೆಯಲ್ಲೇ ಸ್ಟೀರಿಂಗ್ ಹಿಡಿದಿದ್ದಾರೆ. ಬಂಪರ್ ಹಿಡಿದು, ಒಂದೊಂದೇ ಮಂಡಿಯೂರಿ ಕುಳಿತದ್ದು ನೆನಪಾಯಿತೇ?

ಹಾರೆಯಲ್ಲಿ ನೀವು ಕಂಡ ಲೆಕ್ಕವೇ ಸೊಂಟದಲ್ಲೂ ಇದೆ, ಆದರೆ ತಿರುವುಮುರುವಾಗಿ. ಬೆನ್ನೆಲುಬಿನ ಹಿಂದೆ ಅದನ್ನು ಎಳೆದು ಹಿಡಿಯುವ ಸ್ನಾಯು ಎಲುಬಿನ ನಡುವಿನಿಂದ ಎರಡಂಗುಲದಷ್ಟೇ ದೂರ. ಬಗ್ಗಿ ಎತ್ತುವಾಗ ಭಾರ ಇರುವುದು ಇಪ್ಪತ್ತಂಗುಲ ಮುಂದೆ. ಒಂದಕ್ಕೆ ಹತ್ತು. ಕೈಯಲ್ಲಿ 20 ಕೆ.ಜಿ. ಹಿಡಿದರೆ ಬೆನ್ನಿನ ಸ್ನಾಯು 200 ಕೆ.ಜಿ.ಯಷ್ಟು ಬಿಗಿಯಬೇಕು, ಆ ಒತ್ತಡವನ್ನೆಲ್ಲ ತಾಳಬೇಕಾದದ್ದು ಎಲುಬುಗಳ ನಡುವಿನ ಮೆತ್ತನೆಯ ಬಿಲ್ಲೆ. ಹಾರೆಯ ಉದ್ದ ನಿಮ್ಮ ಪರವಾಗಿ ದುಡಿಯುತ್ತದೆ. ಬಾಗಿದ ಬೆನ್ನಿನ ಉದ್ದ ನಿಮ್ಮ ವಿರುದ್ಧ ದುಡಿಯುತ್ತದೆ. ಭಾರವನ್ನು ಎದೆಗೆ ಹತ್ತಿರ ಹಿಡಿಯಿರಿ, ತೊಡೆಯಿಂದ ಏಳಿ ಎನ್ನುವುದು ಇದಕ್ಕೇ.

ದುಡಿಯುವವರ ಬೆನ್ನಿಗೆ ಎಷ್ಟು ಭಾರ ಸಾಕು ಎಂದು ಲೋಕ ಯೋಚಿಸಿಲ್ಲವೆಂದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರದಿರಲಿ ಎಂದು ಶಿಫಾರಸು ಮಾಡಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ತನ್ನ ಸೂತ್ರವನ್ನು ಶುರುಮಾಡುವುದೇ 23 ಕೆ.ಜಿ.ಯಿಂದ. ಅದೂ ಭಾರ ಮೈಗೆ ಹತ್ತಿರವಿದ್ದು, ಹಿಡಿತ ಗಟ್ಟಿಯಿದ್ದು, ಸೊಂಟ ತಿರುಚದಿದ್ದಾಗ. ನಮ್ಮ ಚೌಕಟ್ಟಿನ ಚಕ್ರದ ಎದುರು ಆ ಅಂಕಿಗಳನ್ನು ಇಟ್ಟು ನೋಡಿ. ರಾತ್ರಿ ಹೆದ್ದಾರಿಯ ಪಕ್ಕದಲ್ಲಿ ಒಬ್ಬನೇ ಸ್ಟೆಪ್ನಿ ಬದಲಿಸುವ ಕ್ಲೀನರ್ ಹುಡುಗ ಇನ್ನು ನಿಮ್ಮ ಕಣ್ಣಿಗೆ ಬಿದ್ದರೆ, ಅವನ ಸೊಂಟದ ಕಡೆ ನೋಡಿ. ನಮ್ಮ ಅಡುಗೆಮನೆಗೆ ಬರುವ ಅಕ್ಕಿಯ, ಕಾಫಿಪುಡಿಯ ತೂಕದಲ್ಲಿ ಅದರ ಪಾಲೂ ಇದೆ.

ಡ್ರೈವರ್ ಲೋಟ ಕೊಡವಿ ಏಳುತ್ತಾರೆ. ‘ಇವನಿಗೆ ಮೊದಲ ದಿನಾನೇ ಹೇಳಿದೀನಿ,’ ಎಂದು ಹುಡುಗನ ಕಡೆ ಗಲ್ಲ ಎತ್ತುತ್ತಾರೆ. ‘ಒಬ್ನೇ ಎತ್ತಿದ್ದು ಕಂಡ್ರೆ ಕೆಲಸದಿಂದ ತೆಗೀತೀನಿ ಅಂತ.’

*

ಎರಡನೇ ಸಲ ಅವಸರವಿಲ್ಲ. ಹಲಗೆಯ ಕೆಳತುದಿಗೆ ಈಗ ಚಪ್ಪಟೆ ಕಲ್ಲಿನ ಹಾಸು. ಕಲ್ಲು ಅಲುಗದಂತೆ ಎರಡು ಬದಿಗೂ ಗೂಟ, ಹುಡುಗ ಹಾರೆಯ ತಲೆಯಿಂದ ಬಡಿದು ಕೂರಿಸಿದ್ದು. ಹಲಗೆಯ ಮೇಲೆ ಮರಳುಮಣ್ಣು ಎರಚಿ ಜಾರು ಕಡಿಮೆ ಮಾಡಿದ್ದಾನೆ. ಹಲಗೆಯ ನಡುವಿನಡಿಗೆ ಒಂದು ದಿಮ್ಮಿ ತುಂಡು, ಬಳುಕದಂತೆ. ಹತ್ತು ನಿಮಿಷ ಹಿಡಿಯಿತು. ರೈಟರು ಗಡಿಯಾರ ನೋಡಲಿಲ್ಲ.

ಕೂಗು ಹುಡುಗನದು. ಸಣ್ಣ ದನಿ, ಆದರೆ ಅಳತೆ ಸರಿಯಾಗಿದೆ. ‘ಐ’ ಎಂದಾಗ ಎಲ್ಲರೂ ಉಸಿರು ತುಂಬಿಕೊಳ್ಳುತ್ತಾರೆ, ‘ಸಾ’ ಎಂದಾಗ ಎಲ್ಲರ ಬಲವೂ ಒಂದೇ ಗಳಿಗೆಗೆ ಬೀಳುತ್ತದೆ. ಈ ಕೂಗು ಹುಮ್ಮಸ್ಸಿಗೆಂದು ಹಾಕುವುದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಹಗ್ಗ ಹಿಡಿದ ಮೇಲೆ ಗೊತ್ತಾಯಿತು, ಇದು ಐದು ಮೈಗಳನ್ನು ಕಟ್ಟುವ ಇನ್ನೊಂದು ಹಗ್ಗ. ಒಬ್ಬ ಮೊದಲೇ ಎಳೆದರೆ ಭಾರವೆಲ್ಲ ಅವನದು, ಒಬ್ಬ ತಡವಾಗಿ ಎಳೆದರೆ ಉಳಿದವರದು.

ಐಸಾ. ಬೆಣೆ. ಐಸಾ. ಬೆಣೆ. ನಿಮ್ಮ ಅಂಗೈ ಚಕ್ರದ ಪಕ್ಕೆಯಲ್ಲಿದೆ. ಈ ಸಲ ತಬ್ಬಿ ಹಿಡಿದಿಲ್ಲ, ಬರೀ ತಾಗಿ ನಿಂತಿದೆ, ಯಾವ ಗಳಿಗೆಯಲ್ಲೂ ಬಿಡಲು ತಯಾರಾಗಿ. ಕಾಲು ಹಲಗೆಯಿಂದ ದೂರ. ನೀವು ಕಲಿತಿದ್ದೀರಿ. ಚಕ್ರ ನಿಮ್ಮ ಸೊಂಟ ದಾಟುತ್ತದೆ, ಎದೆ ದಾಟುತ್ತದೆ. ಹಲಗೆ ಈ ಸಲ ಸುಮ್ಮನಿದೆ. ತುದಿಯಲ್ಲಿ ಒಂದು ಗಳಿಗೆ ಚಕ್ರ ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ನಿಲ್ಲುತ್ತದೆ. ಹಗ್ಗ ಕಿರುಗುಟ್ಟುತ್ತದೆ. ಹುಡುಗನ ಕೂಗು ಈ ಸಲ ಉದ್ದ: ‘ಐ... ಸಾ!’

ಧಡ್. ಬಾಡಿಯ ಹಲಗೆಗಳ ಮೇಲೆ ಉಕ್ಕು ಕೂತ ಸದ್ದು. ಡ್ರೈವರ್ ಅದನ್ನು ಎರಡು ಹೆಜ್ಜೆ ನಡೆಸಿಕೊಂಡು ಹೋಗಿ ಚೌಕಟ್ಟಿನೊಳಗೆ ನಿಲ್ಲಿಸುತ್ತಾರೆ. ಸರಪಳಿ ಸುತ್ತಿ, ಕೊಕ್ಕೆ ಹಾಕಿ, ಕೈಯಿಂದ ಜಗ್ಗಿ ನೋಡುತ್ತಾರೆ. ಅಲ್ಲಾಡುವುದಿಲ್ಲ. ನಿಮ್ಮ ಸೊಂಟ ಮುಟ್ಟಿ ನೋಡಿಕೊಳ್ಳಿ. ನೋವಿಲ್ಲ. ಅಂಗೈ ಉರಿಯುತ್ತಿದೆ, ಮಂಡಿಗೆ ಕೆಸರು ಮೆತ್ತಿದೆ, ಉಂಬಳ ಬಿಟ್ಟ ಗಾಯದಿಂದ ರಕ್ತ ಇನ್ನೂ ನಿಂತಿಲ್ಲ. ಆದರೆ ಎಲ್ಲರೂ ನೆಟ್ಟಗೆ ನಿಂತಿದ್ದೀರಿ.

ಇಂಜಿನ್ ಶುರುವಾಗುತ್ತದೆ. ನೀವು ಕ್ಯಾಬಿನ್ ಹತ್ತಿ ಕೂರುತ್ತೀರಿ. ಬಾಗಿಲು ಹಾಕಲು ಕೈ ಚಾಚಿದರೆ ಹುಡುಗ ಇನ್ನೂ ಹತ್ತಿಲ್ಲ. ಕನ್ನಡಿಯಲ್ಲಿ ನೋಡಿ: ಗೂಟ ಕಿತ್ತು ಚರಂಡಿಗೆ ಎಸೆಯುತ್ತಾನೆ. ಹಾಸಿದ್ದ ಚಪ್ಪಟೆ ಕಲ್ಲನ್ನು ಉರುಳಿಸಿ ಬೇಲಿಯ ಬುಡಕ್ಕೆ ಸೇರಿಸುತ್ತಾನೆ. ಆಮೇಲೆ ಇಳಿಜಾರಿನಲ್ಲಿ ಕೆಳಗೆ ಓಡುತ್ತಾನೆ, ನಾವು ಮೊದಲು ನಿಂತಿದ್ದ ಜಾಗಕ್ಕೆ. ಲಾರಿ ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕೊಟ್ಟಿದ್ದ ಕಲ್ಲುಗಳು ದಾರಿಯ ನಡುವೆ ಹಾಗೇ ಬಿದ್ದಿವೆ. ಕತ್ತಲಲ್ಲಿ ಬೈಕಿನಲ್ಲಿ ಬರುವವನಿಗೆ ಅವು ಕಾಣಿಸುವುದಿಲ್ಲ.

ಡ್ರೈವರ್ ಕಾಯುತ್ತಾರೆ. ಹಾರ್ನ್ ಮಾಡುವುದಿಲ್ಲ.

ಮೊದಲ ಕಲ್ಲಿನ ಮುಂದೆ ಹುಡುಗ ಕುಕ್ಕರಗಾಲಲ್ಲಿ ಕೂರುತ್ತಾನೆ. ಬೆನ್ನು ನೆಟ್ಟಗಿದೆ. ಕಲ್ಲನ್ನು ಎದೆಗೊತ್ತಿಕೊಂಡು ತೊಡೆಯ ಬಲದಿಂದ ಏಳುತ್ತಾನೆ, ದಾರಿಯ ಅಂಚಿಗೆ ನಡೆದು ಹೋಗಿ ಮೆಲ್ಲಗೆ ಇಡುತ್ತಾನೆ. ಎರಡನೆಯದಕ್ಕೂ ಹಾಗೇ. ನಾಲ್ಕೂ ಮುಗಿಸಿ, ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಿ, ಮಳೆಯಲ್ಲಿ ಮೇಲಕ್ಕೆ ಓಡಿ ಬರುತ್ತಾನೆ.